ಹೊಳ್ಳಿ ಹೋದ ಬರಿ ಡಬ್ಬಿ

ನಮ್ಮವರಿಗೆ ಹಿರೇಕೆರೂರಿಗೆ ವರ್ಗವಾಗಿ ಎರಡು ತಿಂಗಳಾಗಿತ್ತು. ಒಂದು ಮುಂಜಾನೆ ಹಿತ್ತಲಲ್ಲಿ ಅರಿವೆ ಒಣಹಾಕುತ್ತಿದ್ದೆ. ಪಕ್ಕದ ಮನೆಯ ಒಲೆಯ ಕಡೆಯಿಂದ ಸಜ್ಜೆ ರೊಟ್ಟಿಯ ಮೇಲೆ ಎಳ್ಳು ಸುಡುವ ವಾಸನೆ ಬಂತು. ಎಳ್ಳು ಮೊದಲು ಘಮ್ಮೆನ್ನುತ್ತದೆ, ಒಂದು ಗಳಿಗೆ ಮೈಮರೆತರೆ ಕಹಿಯಾಗುತ್ತದೆ. ಆ ಎರಡರ ನಡುವಿನ ವಾಸನೆ ಅದು. ಹಿಂಡಿದ ಸೀರೆಯನ್ನು ಕೈಯಲ್ಲೇ ಹಿಡಿದು ನಿಂತುಬಿಟ್ಟೆ.

“ಯಾಕ್ರೀ ಬಾಯಾರ, ಆರಾಮಿಲ್ಲೇನು?” ಪಕ್ಕದ ಮನೆಯ ಶಾಂತವ್ವ ಗೋಡೆಯಾಚೆಯಿಂದ ಕೇಳಿದಳು.

“ಆರಾಮ ಅದೀನ್ರಿ. ಮಾಸೂರಿಗೆ ಬಸ್ಸು ಎಷ್ಟಕ್ಕೈತ್ರಿ?”

“ಅಯ್ಯ, ದಿನಾ ಎಂಟಕ್ಕ ನಿಮ್ಮ ಬಾಗಲ ಮುಂದನ ಹಾರ್ನ್ ಹೊಡಕೋತ ಹೋಗತೈತಲ್ರಿ! ಕೇಳಿಲ್ಲೇನು ನೀವು?”

ಕೇಳಿದ್ದೆ. ಎರಡು ತಿಂಗಳಿಂದ ದಿನಾ ಕೇಳುತ್ತಿದ್ದೆ. ಹಾರ್ನ್ ಕೇಳಿದ ಕೂಡಲೇ ಒಳಗೆ ಹೋಗಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯಲು ಕೂಡುತ್ತಿದ್ದೆ. ಮಾಸೂರಿನಲ್ಲಿ ನನ್ನ ಗೆಳತಿ ನೀಲಾ ಇದ್ದಾಳೆ. ಅರ್ಧ ತಾಸಿನ ದಾರಿ. ಅವಳ ಮುಖ ನೋಡಿ ಒಂಬತ್ತು ವರ್ಷವಾಗಿತ್ತು.

ನಮ್ಮ ತವರೂರು ಶಿಗ್ಗಾಂವಿ. ಅಪ್ಪ ಅಲ್ಲಿಯ ಕಚೇರಿಯಲ್ಲಿ ಅವ್ವಲ್ ಕಾರಕೂನ. ನೀಲಾ ಹಿಂದಿನ ಓಣಿಯ ಒಕ್ಕಲುತನದ ಚನ್ನಬಸಪ್ಪನ ಮಗಳು. ಮೂರನೆಯ ಇಯತ್ತೆಯವರೆಗೆ ಇಬ್ಬರೂ ಒಂದೇ ಮಣೆಯ ಮೇಲೆ ಕುಳಿತವರು, ಒಂದೇ ಬಳಪವನ್ನು ಮುರಿದು ಹಂಚಿಕೊಂಡವರು. ಆಮೇಲೆ ಅಪ್ಪ ನನ್ನನ್ನು ಹುಬ್ಬಳ್ಳಿಯಲ್ಲಿ ಸೋದರಮಾವನ ಮನೆಯಲ್ಲಿಟ್ಟು ಕಾನ್ವೆಂಟಿಗೆ ಹಾಕಿದರು. ಅಲ್ಲಿಯ ಸಿಸ್ಟರುಗಳು ನನಗೆ ಮೂರು ವಿಷಯ ಕಲಿಸಿದರು: ಮೆಲ್ಲಗೆ ಮಾತಾಡುವುದು, ಬಟ್ಟೆಯ ಮೇಲೆ ಗುಲಾಬಿ ಹೂವು ಹೊಲಿಯುವುದು, ಸುಳ್ಳು ಹೇಳದಿರುವುದು. ಮೊದಲಿನ ಎರಡು ನನಗೆ ಚೆನ್ನಾಗಿ ಬಂದವು.

ನೀಲಾ ಊರಿನ ಕನ್ನಡ ಸಾಲೆಯಲ್ಲೇ ಓದಿ ಮುಲ್ಕಿ ಪರೀಕ್ಷೆ ಪಾಸಾದಳು. ಏಳನೆಯ ಇಯತ್ತೆಯ ಆ ಪರೀಕ್ಷೆಯನ್ನು ನಮ್ಮ ಎರಡು ಓಣಿಗಳಲ್ಲಿ ಪಾಸಾದ ಮೊದಲ ಹುಡುಗಿ ಅವಳೇ. ಪಾಸಾಗಿ ಏನು ಮಾಡಿದಳು? ಹೊಲಕ್ಕೆ ಹೋದಳು, ಮೇವು ಹೊತ್ತಳು. ರಜೆಗೆ ನಾನು ಬಂದಾಗ ನನ್ನ ಪುಸ್ತಕಗಳ ಮೇಲೆ ಬೀಳುತ್ತಿದ್ದಳು. ಇಂಗ್ಲಿಷ್ ಪುಸ್ತಕವಾದರೆ ಚಿತ್ರ ನೋಡಿ, “ಈ ಮುದುಕಿ ಯಾಕ ಅಳಾಕತ್ತಾಳ, ಹೇಳು” ಎಂದು ಜೀವ ತಿನ್ನುತ್ತಿದ್ದಳು.

ಅರವತ್ತನೆಯ ಇಸವಿಯ ಮಳೆಗಾಲದಲ್ಲಿ ನಾನು ಧಾರವಾಡಕ್ಕೆ ಕಾಲೇಜಿಗೆ ಹೋದೆ, ಹುಡುಗಿಯರ ಹಾಸ್ಟೆಲಿನಲ್ಲಿ ಉಳಿದೆ. ಹಾಸ್ಟೆಲಿನ ಊಟ ನನಗೆ ಹಿಡಿಸಲಿಕ್ಕಿಲ್ಲವೆಂದು ಅವ್ವ ಮಧ್ಯಾಹ್ನದ ಊಟಕ್ಕೆ ಮನೆಯಿಂದಲೇ ಬುತ್ತಿ ಕಳಿಸುವುದೆಂದು ಗೊತ್ತುಮಾಡಿದಳು. ಆಗ ಇದೇನು ಹೊಸದಲ್ಲ. ಸುತ್ತಲಿನ ಊರುಗಳಿಂದ ಮುಂಜಾನೆಯ ಬಸ್ಸಿನ ಮೇಲೆ ಬುತ್ತಿಯ ಗಂಟುಗಳು ಧಾರವಾಡಕ್ಕೆ ಬರುತ್ತಿದ್ದವು. ಬಸ್ ಸ್ಟ್ಯಾಂಡಿನಲ್ಲಿ ಇಮಾಮಸಾಬ ಎಂಬ ಮುದುಕ ಅವನ್ನು ತಳ್ಳುಗಾಡಿಯಲ್ಲಿ ಹೇರಿಕೊಂಡು ಓದುವ ಮಕ್ಕಳ ರೂಮುಗಳಿಗೆ, ಹಾಸ್ಟೆಲುಗಳಿಗೆ ಮುಟ್ಟಿಸಿ, ಖಾಲಿ ಡಬ್ಬಿಗಳನ್ನು ಸಂಜೆಯ ಬಸ್ಸಿಗೆ ಹಾಕುತ್ತಿದ್ದ. ಅವನಿಗೆ ಓದಲು ಬಾರದು. ಗಂಟು ಕಟ್ಟಿದ ರೀತಿ ನೋಡಿ ಇದು ಹಾನಗಲ್ಲಿನದು, ಇದು ಸವಣೂರಿನದು ಎಂದು ಹೇಳುತ್ತಿದ್ದ.

ದಿನಾ ನಸುಕಿನಲ್ಲಿ ನೀಲಾ ನಮ್ಮ ಮನೆಗೆ ಬಂದು ಅವ್ವನ ಜೊತೆ ರೊಟ್ಟಿ ಬಡಿಯುತ್ತಿದ್ದಳು. ಯಾರೂ ಕರೆದಿರಲಿಲ್ಲ, ತಾನೇ ಬರುತ್ತಿದ್ದಳು. ಅವ್ವನ ದೊಡ್ಡ ಜೋಳದ ರೊಟ್ಟಿಗಳ ಮೇಲೆ ಅಂಗೈಯಗಲದ ಒಂದು ಸಣ್ಣ ಸಜ್ಜೆ ರೊಟ್ಟಿ ಇರುತ್ತಿತ್ತು, ಎಳ್ಳು ಹಚ್ಚಿದ್ದು. ಅದರ ಅಂಚಿನಲ್ಲಿ ಅವಳ ಬೆರಳುಗಳ ಗುರುತು ಎಣಿಸಬಹುದಿತ್ತು. ಕೆಲವೊಮ್ಮೆ ಅದರ ಕೆಳಗೆ ಮುತ್ತಲೆಲೆಯಲ್ಲಿ ಮಡಿಸಿದ ಚೀಟಿ: “ನಿಮ್ಮ ಬೆಕ್ಕು ಮೂರು ಮರಿ ಹಾಕೇತಿ. ಒಂದಕ್ಕ ನಿನ್ನ ಮೂಗು ಬಂದೈತಿ.”

ಖಾಲಿ ಪಾತ್ರೆಯನ್ನು ಬರಿದಾಗಿ ತಿರುಗಿ ಕೊಡಬಾರದೆಂಬುದು ನಮ್ಮ ಕಡೆಯ ರೂಢಿ. ಒಂದು ಹರಳು ಬೆಲ್ಲವಾದರೂ ಹಾಕಿಯೇ ಕೊಡಬೇಕು. “ಬರಿ ಡಬ್ಬಿ ಹೊಳ್ಳಿ ಕಳಸಬ್ಯಾಡ ಮತ್ತ” ಎಂದು ಅವ್ವ ಹೊರಡುವಾಗಲೇ ಹೇಳಿದ್ದಳು. ಅವ್ವನಿಗೆಂದು ಚಿಟಿಕೆ ಸಕ್ಕರೆ ಹಾಕುತ್ತಿದ್ದೆ. ನೀಲಾಗೆಂದು ಒಂದು ದಿನ ಬಣ್ಣದ ಉಲ್ಲನ್ ಎಳೆ, ಒಂದು ದಿನ ಮಾಸಿಕದಿಂದ ಹರಿದ ಕತೆಯ ಹಾಳೆ, ಒಂದು ದಿನ ಕಾಲೇಜಿನ ಗುಡ್ಡದ ಮೇಲೆ ಬಿದ್ದಿದ್ದ ಗುಲ್‌ಮೊಹರಿನ ಎಸಳು. ಕತೆಯನ್ನು ಕಂತುಕಂತಾಗಿ ಕಳಿಸುತ್ತಿದ್ದೆ. “ಆ ಹುಡುಗಿ ಬಾವ್ಯಾಗ ಬಿದ್ಲೋ ಇಲ್ಲೋ, ನಾಳಿಗೆ ಹೇಳಲಿಲ್ಲಂದ್ರ ರೊಟ್ಟಿಗೆ ಉಪ್ಪು ಹಾಕೂದಿಲ್ಲ” ಎಂದು ಚೀಟಿ ಬರುತ್ತಿತ್ತು. ಐವತ್ತು ಮೈಲಿ ದೂರದಲ್ಲಿದ್ದರೂ ದಿನಾ ಮಾತಾಡುತ್ತಿದ್ದೆವು.

ಶ್ರಾವಣದ ಹೊತ್ತಿಗೆ ಕಾಲೇಜಿನ ಇಂಗ್ಲಿಷ್ ನಾಟಕದಲ್ಲಿ ನನಗೊಂದು ಸಣ್ಣ ಪಾತ್ರ ಸಿಕ್ಕಿತು. ನನ್ನ ಕಾನ್ವೆಂಟ್ ಉಚ್ಚಾರಕ್ಕೆ ಸಿಕ್ಕ ಪಾತ್ರ. ಅದರಿಂದ ಮಾಲತಿಯ ಗುಂಪಿಗೆ ಸೇರಿದೆ. ಮಾಲತಿ ಬೆಳಗಾವಿಯ ವಕೀಲರ ಮಗಳು, ಬಿಸಿಲಿಗೆ ಬಣ್ಣದ ಕೊಡೆ ಹಿಡಿಯುವವಳು. ಹಾಸ್ಟೆಲಿನಲ್ಲಿ ಬುತ್ತಿಯ ಹುಡುಗಿಯರು ಹಿಂದಿನ ಪಡಸಾಲೆಯಲ್ಲಿ ನೆಲದ ಮೇಲೆ ಕುಳಿತು ಉಣ್ಣುತ್ತಿದ್ದರು. ಮಾಲತಿಯವರು ಮೇಜಿನ ಮೇಲೆ. ಒಂದು ದಿನ ನಾನು ಪಡಸಾಲೆಯಿಂದ ಎದ್ದು ಬಂದಾಗ ಮಾಲತಿ ಮೂಗು ಮುಚ್ಚಿಕೊಂಡು ನಕ್ಕಳು: “ಸರೋಜಾ, ನಿನ್ನ ಕೈ ಬಳ್ಳೊಳ್ಳಿ ವಾಸನಿ ಹೊಡೀತದ.” ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ನಾನು ಮಾತ್ರ ಆವತ್ತು ಮೂರು ಸಲ ಸಾಬೂನು ಹಚ್ಚಿ ಕೈ ತೊಳೆದೆ. ಮರುದಿನದಿಂದ ಮೇಜಿನ ಮೇಲೆ ಊಟ. ಬುತ್ತಿಯನ್ನು ಸವಣೂರಿನ ಸಾವಂತ್ರಿಗೆ ಕೊಟ್ಟುಬಿಡುತ್ತಿದ್ದೆ. ನನ್ನ ಕೋಣೆಯಲ್ಲೇ ಇದ್ದ ದಪ್ಪ ಜಡೆಯ ಹುಡುಗಿ ಅವಳು, ಯಾವಾಗಲೂ ಹಸಿದಿರುವವಳು.

ಆದರೆ ನೀಲಾಳ ಆ ಒಂದು ಚೀಟಿ ಬಂದದ್ದು ಅದಕ್ಕೂ ಮೊದಲು. ಅದನ್ನು ನಾನು ಓದಿದ್ದೆ. ಓದಿರಲಿಲ್ಲ ಎಂದು ಹೇಳಿಕೊಳ್ಳುವ ಅನುಕೂಲ ನನಗಿಲ್ಲ.

ಅದರಲ್ಲಿ ಹೀಗಿತ್ತು: “ಸರೂ, ಧಾರವಾಡದಾಗ ಹೆಣ್ಣಮಕ್ಕಳ ಟ್ರೇನಿಂಗ್ ಕಾಲೇಜ ಐತಂತ. ಮುಲ್ಕಿ ಆದವರನ್ನ ತಗೊಂಡು ಸಾಲಿ ಅಕ್ಕೋರನ್ನ ಮಾಡ್ತಾರಂತ. ದೀಪಾವಳಿ ಆದಮ್ಯಾಲೆ ಹೊಸಬರನ್ನ ತಗೋತಾರಂತ. ಅರ್ಜಿ ಫಾರ್ಮು ಅಲ್ಲೇ ಹೋಗಿ ಈಸಕೋಬೇಕಂತ. ಅಪ್ಪಗ ಮಾಸೂರವರು ಹೆಣ್ಣು ಕೇಳಾಕತ್ತಾರ. ಅಪ್ಪ ಏನಂದಾನ ಅಂದ್ರ, ಬನ್ನಿ ಹಬ್ಬದೊಳಗ ಫಾರ್ಮು ಬಂತಂದ್ರ ಸಹಿ ಮಾಡ್ತೇನಿ, ಇಲ್ಲಂದ್ರ ಮಾಸೂರವರಿಗೆ ಮಾತು ಕೊಡ್ತೇನಿ. ಡಬ್ಯಾಗ ಹಾಕಿ ಕಳಸು. ಮಡಚಬ್ಯಾಡ, ತಳಕ್ಕ ಹಾಸು.”

ಆ ಕಾಲೇಜು ನಮ್ಮ ಹಾಸ್ಟೆಲಿನಿಂದ ಹತ್ತು ನಿಮಿಷದ ಹಾದಿ. “ನಾಳೆ ತರ್ತೇನಿ” ಎಂದು ಬರೆದು ಹಾಕಿದೆ. ನಾಳೆ ನಾಟಕದ ತಾಲೀಮಿತ್ತು. ಅದರ ನಾಳೆ ಮಳೆ.

ನಾಲ್ಕನೆಯ ದಿನ ತಾಲೀಮು ಬೇಗ ಮುಗಿಯಿತು. ಆ ಕಡೆಗೆ ನಡೆದೆ. ಮಾಲತಿಯೂ ಕೊಡೆ ಬಿಚ್ಚಿಕೊಂಡು ಜೊತೆಗೆ ಬಂದಳು. ಎಲ್ಲಿಗೆಂದು ಅವಳು ಕೇಳಿರಲಿಲ್ಲ, ನಾನು ಹೇಳಿರಲಿಲ್ಲ. ಗೇಟಿನ ಒಳಗೆ ಬೇವಿನ ಗಿಡದ ಕೆಳಗೆ ಎಂಟು ಹತ್ತು ಹುಡುಗಿಯರು ಫಾರ್ಮು ಕೊಡುವ ಕಿಟಕಿ ತೆರೆಯಲೆಂದು ಕಾಯುತ್ತ ಕುಳಿತಿದ್ದರು. ಎಣ್ಣೆ ಸುರಿಯುವ ಬೈತಲೆ, ಇಳಕಲ್ಲ ಸೀರೆ, ತೊಡೆಯ ಮೇಲೆ ಬುತ್ತಿಯ ಗಂಟು. ಒಬ್ಬಳು ಗಂಟು ಬಿಚ್ಚಿ ರೊಟ್ಟಿ ಮುರಿಯುತ್ತಿದ್ದಳು. ಅವಳ ಮುಂಗೈಯ ಮೇಲೆ ನೀಲಾಳ ಮುಂಗೈಯ ಮೇಲಿದ್ದಂಥದೇ ಹಸಿರು ಹಚ್ಚೆ. ಅವಳು ತಲೆಯೆತ್ತಿ ನನ್ನನ್ನು ನೋಡಿ ನಕ್ಕಳು. ನಾನೂ ಅಲ್ಲಿಗೇ ಬಂದವಳೆಂದುಕೊಂಡು ಪಕ್ಕಕ್ಕೆ ಸರಿದು ಜಾಗ ಮಾಡಿದಳು.

“ಅಯ್ಯ, ಇಲ್ಲಿ ನಿನಗ್ಯಾರದಾರ?” ಎಂದಳು ಮಾಲತಿ.

“ಯಾರೂ ಇಲ್ಲ,” ಎಂದೆ ನಾನು. “ಹಾದಿ ತಪ್ಪಿತು, ನಡಿ.”

ಜಾಗ ಮಾಡಿಕೊಟ್ಟವಳು ನೋಡುತ್ತಲೇ ಇದ್ದಳು. ನಾನು ಮಾಲತಿಯ ಕೊಡೆಯನ್ನು ಸ್ವಲ್ಪ ನನ್ನ ಕಡೆಗೆ ವಾಲಿಸಿಕೊಂಡು ಹೊಳ್ಳಿದೆ.

ಆಮೇಲೆ ಒಬ್ಬಳೇ ಹೋಗಬಹುದಿತ್ತು. ಹೋಗಲಿಲ್ಲ. ಹೋಗುವೆನೆಂದು ದಿನಾ ಅಂದುಕೊಳ್ಳುವುದೇ ಒಂದು ಕೆಲಸವಾಯಿತು. ನೀಲಾಗೆ ಏನೆಂದು ಬರೆಯಲಿ? ಬರೆಯುವುದನ್ನೇ ಬಿಟ್ಟೆ. ಕತೆಯ ಹಾಳೆ ನಿಂತಿತು, ಸಕ್ಕರೆಯೂ ನಿಂತಿತು. ಮೇಜಿನ ಊಟ ಸುರುವಾಗಿದ್ದು ಆ ವಾರವೇ. ಬುತ್ತಿಯ ಗಂಟನ್ನು ಬಿಚ್ಚದೆ ಸಾವಂತ್ರಿಯ ಮುಂದಿಡುತ್ತಿದ್ದೆ, ತೊಳೆದ ಡಬ್ಬಿ ಹಾಗೇ ಹೊಳ್ಳಿ ಹೋಗುತ್ತಿತ್ತು. ಇಮಾಮಸಾಬ ಒಂದು ದಿನ ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದ. “ಏನವಾ ತಂಗಿ, ಶಿಗ್ಗಾಂವಿ ಡಬ್ಬಿ ಇತ್ತಿತ್ತಲಾಗ ಭಾಳ ಹಗರ ಆಗೇತಲ್ಲ? ಮೊದಲ ಒಳಗ ಏನರೆ ಮಾತಾಡತಿತ್ತು.”

“ಪರೀಕ್ಷಾ ಅದಾವ, ಅಜ್ಜಾ,” ಎಂದೆ. ಪರೀಕ್ಷೆ ಇನ್ನೂ ದೂರವಿತ್ತು.

ದಸರೆಯ ಸೂಟಿಗೆ ಊರಿಗೆ ಹೊರಡುವ ಮುಂಜಾನೆ ಸಾವಂತ್ರಿ ಬಿಸ್ಕೀಟಿನ ತಗಡಿನ ಡಬ್ಬಿಯೊಂದನ್ನು ತಂದು ನನ್ನ ಹಾಸಿಗೆಯ ಮೇಲಿಟ್ಟಳು.

“ತಗೋ, ನಿನ್ನವು. ದೊಡ್ಡ ರೊಟ್ಟಿ ನಾ ತಿಂದೇನಿ, ಸುಳ್ಳ್ಯಾಕ ಹೇಳಲಿ. ಈ ಸಣ್ಣವು ತಿನ್ನಾಕ ಮನಸ್ಸಾಗಲಿಲ್ಲವಾ. ಯಾರೋ ನಿನಗಂತ ಬಡದಾರ, ಬೆರಳು ಕಾಣಸ್ತಾವ.”

ಒಳಗೆ ಹದಿನೇಳು ಸಣ್ಣ ರೊಟ್ಟಿ. ಒಣಗಿ ಹಪ್ಪಳದಂತಾಗಿದ್ದವು, ಎಳ್ಳೆಲ್ಲ ಉದುರಿ ತಳ ಸೇರಿತ್ತು. ನಡುನಡುವೆ ಚೀಟಿಗಳು. ಸಾವಂತ್ರಿ ಅವನ್ನೂ ಓದದೆ ಇಟ್ಟಿದ್ದಳು. “ಇವತ್ತ ಸಿಕ್ಕಿತೇನು?” “ಮಳಿ ಭಾಳ ಐತೇನು ಅಲ್ಲೆ? ತೋಯ್ಸಿಕೊಂಡು ಹೋಗಬ್ಯಾಡ.” “ಅಪ್ಪ ನಿನ್ನೆ ಮತ್ತ ಕೇಳಿದಾ.” “ನಿನಗ ಜ್ವರಗಿರ ಬಂದಿಲ್ಲಲ್ಲ? ಡಬ್ಬಿ ಬರಿ ಬರಾಕತ್ತೈತಿ. ನಿಮ್ಮವ್ವಗ ನಾನ ಸಕ್ಕರಿ ಹಾಕಿ ತೋರಿಸೇನಿ, ನೀ ಕಳಸೀದಿ ಅಂತ.”

ಬಸ್ಸಿಗೆ ಇನ್ನೂ ಎರಡು ತಾಸು ಇತ್ತು. ಫಾರ್ಮಿನ ಕಿಟಕಿ ತೆರೆದಿರುವ ಹೊತ್ತು. ಆ ಎರಡು ತಾಸು ನಾನು ಟ್ರಂಕು ತುಂಬಿದೆ, ತೆಗೆದೆ, ಮತ್ತೆ ತುಂಬಿದೆ. ಈಗ ಹೋಗಿ ಹತ್ತು ನಿಮಿಷದಲ್ಲಿ ತಂದುಬಿಟ್ಟರೆ, ಇಷ್ಟು ಸುಲಭದ್ದನ್ನು ಇಷ್ಟು ದಿನ ಮಾಡಲಿಲ್ಲವೆಂಬುದು ನನಗೇ ರುಜುವಾತಾಗುತ್ತಿತ್ತು. ಅದಕ್ಕೇ ಹೋಗಲಿಲ್ಲವೆಂದು ಈಗ ಅನ್ನಿಸುತ್ತದೆ. ಎಂಥ ಕಾರಣ!

ಶಿಗ್ಗಾಂವಿಯಲ್ಲಿ ಬಸ್ಸು ನಿಂತಾಗ ನೀಲಾ ಹುಣಸೆ ಗಿಡದ ಕೆಳಗೆ ನಿಂತಿದ್ದಳು. ಹೊಲದಿಂದ ನೇರವಾಗಿ ಬಂದಿದ್ದಳು, ಸೀರೆಯ ನಿರಿಗೆಗೆ ಹುಲ್ಲಿನ ಮುಳ್ಳು ಅಂಟಿದ್ದವು. ಟ್ರಂಕಿಗೆ ಕೈ ಹಾಕುತ್ತಲೇ ನನ್ನ ಮುಖ ನೋಡಿದಳು. ಅವಳು ಕೇಳುವ ಮೊದಲೇ ನಾನು ಹೇಳಿದೆ.

“ಫಾರ್ಮು ತೀರಿ ಹೋಗ್ಯಾವಂತ ನೀಲಾ. ಈ ವರ್ಷ ಇನ್ನ ಕೊಡೂದಿಲ್ಲಂತ. ಮೂರು ಸಲ ಹೋಗಿದ್ದೆ.”

ಮೂರು ಸಲ ಎಂದು ಯಾಕೆ ಹೇಳಿದೆನೋ. ಒಂದು ಸಲ ಎಂದರೂ ನಂಬುತ್ತಿದ್ದಳು.

ಟ್ರಂಕಿನಿಂದ ಕೈ ತೆಗೆದಳು. ಆಮೇಲೆ ನನ್ನ ಹೆಗಲ ಮೇಲೆ ಕೈ ಇಟ್ಟಳು. “ಮೂರು ಸಲ ಹೋದ್ಯಾ, ಅಷ್ಟು ದೂರ, ಮಳ್ಯಾಗ? ಹೋಗಲಿ ಬಿಡು. ನೀ ಮೈ ಇಳದೀದಿ. ಹಾಸ್ಟೆಲಿನ್ಯಾಗ ಉಣ್ಣಾಕ ಹಾಕತಾರೋ ಇಲ್ಲೋ?” ಟ್ರಂಕನ್ನು ತಲೆಯ ಮೇಲಿಟ್ಟುಕೊಂಡು ಮುಂದೆ ನಡೆದಳು. ನಾನು ಬರಿಗೈಯಲ್ಲಿ ಅವಳ ಹಿಂದೆ ನಡೆದೆ.

ಬನ್ನಿಯ ಸಂಜೆ ಎಲ್ಲರಿಗಿಂತ ಮೊದಲು ನಮ್ಮ ಮನೆಗೆ ಬಂದು ನನ್ನ ಅಂಗೈಯಲ್ಲಿ ಬನ್ನಿ ಎಲೆ ಇಟ್ಟಳು. “ಬಂಗಾರ ತಗೊಂಡು ಬಂಗಾರದಂಗ ಇರೋಣು.” ಅದೇ ಹೊತ್ತಿಗೆ ಅವರ ಪಡಸಾಲೆಯಲ್ಲಿ ಚನ್ನಬಸಪ್ಪ ಮಾಸೂರಿನವರಿಗೆ ಎಲೆ ಅಡಿಕೆ ಕೊಡುತ್ತಿದ್ದ. ದೀಪಾವಳಿಯಾದ ಮೇಲೆ ಮದುವೆಯಾಯಿತು. ನಾನು ಗುಲಾಬಿ ಹೂವು ಹೊಲಿದ ಎರಡು ದಿಂಬಿನ ಚೀಲ ಕೊಟ್ಟೆ. ಬಹಳ ಅಚ್ಚುಕಟ್ಟಾಗಿ ಬಂದಿದ್ದವು.

ಆಮೇಲೆ ಮಾಸೂರಿನಿಂದ ಎರಡು ಕಾರ್ಡು ಬಂದವು. ನಾನು ಒಂದಕ್ಕೆ ಉತ್ತರ ಬರೆದೆ. ಹಾಗೇ ನಿಂತಿತು. ನನಗೂ ಮದುವೆಯಾಯಿತು, ಮಕ್ಕಳಾದವು, ಊರೂರು ವರ್ಗವಾದವು.

ಶಾಂತವ್ವನನ್ನು ಕೇಳಿದ ಮರುದಿನ ಆ ಎಂಟರ ಬಸ್ಸು ಹತ್ತಿದೆ. ಮಾಸೂರಿನಲ್ಲಿ ಮದಗದ ಕೆರೆಯ ನೀರು ಕಾಲುವೆಯ ತುಂಬ ಹರಿಯುತ್ತಿತ್ತು, ಗದ್ದೆಗಳಲ್ಲಿ ನಾಟಿ ನಡೆದಿತ್ತು. ನೀಲಾಳ ಮನೆ ಕೇಳಿ ಹೋದಾಗ ಕಟ್ಟೆಯ ಮೇಲೆ ಅವಳ ಅತ್ತೆ ಅಕ್ಕಿ ಆರಿಸುತ್ತಿದ್ದಳು. “ಬರ್ರಿ, ಕುಂಡ್ರಿ. ಯಾವೂರವರ್ರಿ?” ಎಂದು ಕಂಬಳಿ ಹಾಸಿದಳು. ಗೋಡೆಗೆ ಮಗುವಿನ ಎತ್ತರದಲ್ಲಿ ಇದ್ದಿಲಿನಿಂದ ಅ ಆ ಇ ಈ ಬರೆದಿತ್ತು. ಆ ಅಕ್ಷರ ನನಗೆ ಗುರುತು ಹತ್ತಿತು.

ನೀಲಾ ಗದ್ದೆಯಿಂದ ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು ಬಂದಳು. ನನ್ನನ್ನು ಕಂಡು ಬಾಗಿಲಲ್ಲೇ ನಿಂತಳು.

“ಅಬ್ಬಬ್ಬಾ! ಬಾಯಿಸಾಹೇಬ್ರು ಬಂದಾರ! ಹಾದಿ ತಪ್ಪಿತೇನ್ರಿ?”

ಚೇಷ್ಟೆಯ ಮಾತು. ಆದರೆ ‘ಹಾದಿ ತಪ್ಪಿತು’ ಎಂಬ ಮಾತು ಅವಳ ಬಾಯಿಂದ ಬಂದಾಗ ನನ್ನ ಕಿವಿ ಸುಟ್ಟುಹೋಯಿತು.

“ರೀ ಅನ್ನಬ್ಯಾಡ ನೀಲಾ,” ಎಂದೆ.

“ಬ್ಯಾಡಂದ್ರ ಬಿಟ್ಟೆ. ಬಾ ಹುಚ್ಚಿ, ಒಳಗ ಬಾ.”

ರೊಟ್ಟಿ ಬಡಿಯುತ್ತ ಎಲ್ಲ ಹೇಳಿದಳು. ಗಂಡ ಒಳ್ಳೆಯ ಮನುಷ್ಯ, ಮಗಳು ಒಬ್ಬಳು, ಮಗ ಒಬ್ಬ. ಅತ್ತೆ ನಡುವೆ ಬಾಯಿ ಹಾಕಿದಳು: “ನಮ್ಮ ಸೊಸಿ ರೊಟ್ಟಿ ಸುಡೂಮುಂದೂ ಪೇಪರ ಓದತಾಳ್ರಿ. ನಮ್ಮ ಮನ್ಯಾಗ ಒಂದ ಮಗ್ಗಲ ಕರಿ ಆಗದ ರೊಟ್ಟಿ ಯಾರೂ ಕಂಡಿಲ್ಲ.” ಎಲ್ಲರೂ ನಕ್ಕೆವು. ಗೋಡೆಯ ಅಕ್ಷರದ ಬಗ್ಗೆ ಕೇಳಿದೆ.

“ಊರಿಗೆ ಅಕ್ಕೋರು ಯಾರೂ ಬರವಲ್ರು. ಗಂಡಮಾಸ್ತರ ಹಂತ್ಯಾಕ ಹುಡುಗ್ಯಾರನ್ನ ಕಳಸಾಕ ಮಂದಿ ಒಲ್ಲೆ ಅಂತಾರ. ಸಂಜಿಮುಂದ ನಾಕು ಹುಡುಗ್ಯಾರು ಬರ್ತಾವ, ತಿದ್ದಸ್ತೇನಿ.” ಮಾತಿನಲ್ಲಿ ಯಾವ ಮುಳ್ಳೂ ಇರಲಿಲ್ಲ. ಅದಕ್ಕೇ ತಡೆಯದಾಯಿತು.

“ನೀಲಾ, ಆ ಫಾರ್ಮು…”

“ಗೊತ್ತೈತಿ ಬಿಡು,” ಎಂದಳು ರೊಟ್ಟಿ ಮಗುಚುತ್ತ. “ಆ ದೀಪಾವಳಿ ಮುಂದ ನಮ್ಮ ಓಣಿ ಗಿರಿಜಾ ಹೋಗಿ ಫಾರ್ಮು ತಂದ್ಲು. ಕಟ್ಟುಗಟ್ಟಲೆ ಬಿದ್ದಾವ ಅಂದ್ಲು. ಅಷ್ಟರಾಗ ಅಪ್ಪನ ಮಾತು ಆಗಿಬಿಟ್ಟಿತ್ತು.”

“ಹಂಗಾರ ಮದುವ್ಯಾಗ ನಿನಗ ಗೊತ್ತಿತ್ತು?”

“ಗೊತ್ತಿತ್ತು.”

“ಯಾಕ ಕೇಳಲಿಲ್ಲ?”

“ಕೇಳಿದ್ರ ನೀ ಮತ್ತೊಂದು ಸುಳ್ಳು ಹುಡಕಬೇಕಾಗತಿತ್ತು. ಇದ್ದಾಕಿ ಒಬ್ಬಾಕಿ ಗೆಳತಿ, ಯಾಕ ಹೇಳಸ್ಬೇಕಂತ ಬಿಟ್ಟೆ.” ಎಳ್ಳಿನ ರೊಟ್ಟಿ ನನ್ನ ತಾಟಿಗೆ ಹಾಕಿದಳು. “ಓದಿನ ಗದ್ದಲದಾಗ ಮರತಿರ್ತೀ. ಹೌದಿಲ್ಲೋ?”

ನಾನು ಏನು ಹೇಳಿದೆ? “ಹೂಂ,” ಎಂದೆ. “ಮರತಿದ್ದೆ.”

ಒಂಬತ್ತು ವರ್ಷ ಅವಳು ನನ್ನಿಂದ ತಪ್ಪಿಸಿದ್ದ ಎರಡನೆಯ ಸುಳ್ಳನ್ನು ಅವಳ ಒಲೆಯ ಮುಂದೆ, ಅವಳ ರೊಟ್ಟಿ ಬಾಯಲ್ಲಿಟ್ಟುಕೊಂಡು ಹೇಳಿದೆ. ಫಾರ್ಮು ತರದ್ದು ತಪ್ಪು. ಆದರೆ ಹುಣಸೆ ಗಿಡದ ಕೆಳಗೆ, ‘ನಾನು ಹೋಗಲಿಲ್ಲ, ಫಾರ್ಮು ಇನ್ನೂ ಅದಾವ’ ಎಂದಿದ್ದರೆ ಆಗಲೂ ಹೊತ್ತು ಮೀರಿರಲಿಲ್ಲ. ಚನ್ನಬಸಪ್ಪ ಇನ್ನೂ ಮಾತು ಕೊಟ್ಟಿರಲಿಲ್ಲ. ಅವಳ ಬಾಗಿಲು ಮುಚ್ಚಿದ್ದು ನನ್ನ ಆಲಸ್ಯವಲ್ಲ, ನನ್ನ ಸುಳ್ಳು.

ಹೊರಡುವಾಗ ಒಂದು ಡಬ್ಬಿ ಕೈಗಿಟ್ಟಳು. ಒಳಗೆ ಅಂಗೈಯಗಲದ ಎಂಟು ರೊಟ್ಟಿ. “ಮಕ್ಕಳಿಗೆ ಕೊಡು. ಮತ್ತ ಬರಿ ಡಬ್ಬಿ ಕಳಸಿ ಗಿಳಸೀ, ನೋಡು!” ಎಂದು ನಕ್ಕಳು.

ಡಬ್ಬಿ ಒಂದು ತಿಂಗಳು ನನ್ನ ಅಡುಗೆಮನೆಯ ಗೋಡೆಯ ಮಾಡದಲ್ಲಿತ್ತು. ಸಕ್ಕರೆ ಹಾಕಿದೆ, ತೆಗೆದೆ. ಸವಣೂರಿನ ವೀಳ್ಯದೆಲೆ ಹಾಕಿದೆ, ಬಾಡಿದವು. ಅವಳ ಮಗಳಿಗೆಂದು ಗುಲಾಬಿ ಹೊಲಿದು ಒಂದು ಫ್ರಾಕು ಮುಗಿಸಿದೆ, ಮಡಿಸಿ ಒಳಗಿಟ್ಟೆ. ದಿಂಬಿನ ಚೀಲ ನೆನಪಾಗಿ ತೆಗೆದೆ.

ನಿನ್ನೆ ಮಕ್ಕಳ ಬರೆಯುವ ಪಟ್ಟಿಯಿಂದ ಒಂದು ಹಾಳೆ ಹರಿದು ಬರೆದೆ:

“ನೀಲಾ, ನಾನು ಮರೆತಿರಲಿಲ್ಲ. ಮೂರು ಸಲ ಹೋಗಿದ್ದೆ ಅಂದದ್ದೂ ಸುಳ್ಳು. ಒಂದು ಸಲ ಹೋಗಿದ್ದೆ, ಗೇಟಿನ ತನಕ. ಒಳಗೆ ನಿನ್ನಂಥ ಹುಡುಗಿಯರು ಬುತ್ತಿ ಇಟ್ಟುಕೊಂಡು ಕುಳಿತಿದ್ದರು. ಒಬ್ಬಳು ನನಗೆ ಜಾಗ ಮಾಡಿಕೊಟ್ಟಳು. ನನ್ನ ಜೊತೆಗಿದ್ದವಳ ಮುಂದೆ ನನಗೆ ನಾಚಿಕೆಯಾಯಿತು. ನನ್ನ ಬಗ್ಗೆ ಅಲ್ಲ, ನಿನ್ನ ಬಗ್ಗೆ. ಅದಕ್ಕೇ ಹೊಳ್ಳಿ ಬಂದೆ.”

ಮಡಿಸಲಿಲ್ಲ. ಡಬ್ಬಿಯ ತಳಕ್ಕೆ ಹಾಸಿದೆ.

ಇವತ್ತು ಎಂಟಕ್ಕೆ ಹಾರ್ನ್ ಕೇಳಿದಾಗ ಒಳಗೆ ಹೋಗಲಿಲ್ಲ. ರಸ್ತೆಗೆ ಬಂದು ಕೈ ಮಾಡಿದೆ. ಕಂಡಕ್ಟರು ಡಬ್ಬಿಯನ್ನು ಕೈಯಲ್ಲಿ ತೂಗಿ ನೋಡಿದ.

“ಯಾರಿಗೆ ಕೊಡಬೇಕ್ರಿ ಬಾಯಾರ? ಬರಿ ಡಬ್ಬಿ ಇದ್ದಂಗೈತಲ್ಲ, ಭಾಳ ಹಗರ ಐತಿ.”

“ಕಾಲುವಿ ಕಡೆ ಮನಿ, ನೀಲವ್ವಗ,” ಎಂದೆ. “ಬರಿ ಅಲ್ಲಪಾ. ಸಂಭಾಳಿಸಿ ಒಯ್ಯಿ.”